ಇಪ್ಪತ್ತೆರಡನೇ ನಂಬರಿನ ಬೆಳಕು

ಗೋಣಿಬೀಡು
19 ಆಗಸ್ಟ್ 2024

ಅಣ್ಣಮ್ಮನವರಿಗೆ, ಪಕ್ಕದ ಕುರ್ಚಿಯ ರುದ್ರಪ್ಪ ಮೇಷ್ಟ್ರ ನಮಸ್ಕಾರ.

ಯಾವ ಕುರ್ಚಿ ಎಂದು ನೀವು ಮರೆತಿರಲಾರಿರಿ. ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಕೀಮೊ ಮುಗಿಯುವ ಹೊತ್ತಿಗೆ ನಿಮ್ಮದು ಶುರುವಾಗಿತ್ತು. ಔಷಧಿ ಹನಿಹನಿಯಾಗಿ ಇಳಿಯುವಾಗ ನೀವು ಕಾಫಿ ಒಣಗಿಸುವ ಪಾಠ ಹೇಳಿದಿರಿ, ನಾನು ನೀವು ಕೇಳದಿದ್ದರೂ ವಿಜ್ಞಾನದ ಪಾಠ ಹೇಳಿದೆ. ಮೊನ್ನೆ ಬೆಳಕಿನ ಪೆಟ್ಟಿಗೆ ತೆಗೆದುಕೊಳ್ಳಲು ಹೋದಾಗ ಮತ್ತೆ ನಿಮ್ಮನ್ನೇ ಕಂಡೆ. ನನಗೆ ಹದಿನೇಳನೇ ನಂಬರಿನ ಪೆಟ್ಟಿಗೆ ಸಿಕ್ಕಿತು, ನಿಮಗೆ ಇಪ್ಪತ್ತೆರಡು.

ಧನ್ಯಾ ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಕೀಮೊ ನಮ್ಮ ಕೈಕಾಲಿನ ನರಗಳ ತುದಿಯನ್ನು ಕೆಡಿಸಿದೆ. ಒಂದು ಬಗೆಯ ಬೆಳಕು ಬಿದ್ದರೆ ಆ ನರಗಳು ಚೇತರಿಸಿಕೊಳ್ಳಬಹುದು ಎಂಬುದು ಅವರ ಊಹೆ. ನಿಜವೋ ಸುಳ್ಳೋ ನೋಡಲು ಈ ಪರೀಕ್ಷೆ. ಪೆಟ್ಟಿಗೆಯನ್ನು ಅದರ ಬಟ್ಟೆ ಪಟ್ಟಿಯಿಂದ ಬಿಗಿದುಕೊಂಡು ದಿನಾ ಕೈಗೆ ಇಪ್ಪತ್ತು ನಿಮಿಷ, ಕಾಲಿಗೆ ಇಪ್ಪತ್ತು ನಿಮಿಷ, ಹನ್ನೆರಡು ವಾರ. ಅರ್ಧ ಪೆಟ್ಟಿಗೆಗಳು ಮಾತ್ರ ನಿಜವಾದವು, ಉಳಿದವು ಬರೀ ಕೆಂಪು ದೀಪ. ಕೆಲಸ ಮಾಡಬೇಕಾದ ಬೆಳಕು ಕಣ್ಣಿಗೆ ಕಾಣುವುದಿಲ್ಲವಂತೆ. ಯಾರಿಗೆ ಯಾವುದು ಬಂದಿದೆ ಎಂದು ಡಾಕ್ಟರಿಗೂ ತಿಳಿಯದು, ನಂಬರುಗಳ ಪಟ್ಟಿ ಇನ್ಯಾರದೋ ಬೀರುವಿನಲ್ಲಿದೆ. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಪರೀಕ್ಷೆಗೆ ಬಂದವರು ಒಬ್ಬರೊಡನೊಬ್ಬರು ಮಾತಾಡಿಕೊಳ್ಳಬಾರದು ಎಂದಿದ್ದಾರೆ. ಬರೆದುಕೊಳ್ಳಬಾರದು ಎಂದಿಲ್ಲ. ದಿನಾ ಒಂದು ಪುಟ ಕೈಯಲ್ಲಿ ಬರೆಯಿರಿ, ಬೆರಳಿಗೆ ಒಳ್ಳೆಯದು ಎಂದವರೂ ಅವರೇ. ನಿಮ್ಮ ಎಸ್ಟೇಟಿನಲ್ಲಿ ಫೋನು ಸಿಗುವುದಿಲ್ಲ. ನಮ್ಮೂರಿನ ಮೇಲೆ ಕಳಸಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಜಯಪ್ರಕಾಶ್ ನನ್ನ ಹಳೆಯ ವಿದ್ಯಾರ್ಥಿ, ಕಾಗದವನ್ನು ಬಾಳೂರಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ.

ಒಂದು ಆಟ ಆಡೋಣ. ಕಣ್ಣು ಮುಚ್ಚಿ ಕೂರಿ. ಯಾರಾದರೂ ನಿಮ್ಮ ಬೆರಳ ನಡುವೆ ಒಂದು ಕಾಳು ಇಡಲಿ. ಕಾಫಿ ಬೀಜ, ಮೆಣಸು, ಕಡಲೆ, ಹೆಸರು, ಈ ನಾಲ್ಕರಲ್ಲಿ ಯಾವುದು ಎಂದು ಹೇಳಬೇಕು. ಹತ್ತು ಸಲ. ನಮ್ಮ ಮನೆಯವರು ಸಾವಿತ್ರಮ್ಮ ನನಗೆ ಪರೀಕ್ಷೆ ಮಾಡಿದರು, ಹತ್ತಕ್ಕೆ ನಾಲ್ಕು ಬಂತು. ನಾನು ಕಲಿಸಿದ ಮಕ್ಕಳು ನೋಡಿದ್ದರೆ ಕುಣಿದಾಡುತ್ತಿದ್ದರು. ಅಂಗಿಯ ಗುಂಡಿಯನ್ನೂ ಅವರೇ ಹಾಕಬೇಕು, ತಣ್ಣಗಿನ ಲೋಟ ಮುಟ್ಟಿದರೆ ಕರೆಂಟು ಹೊಡೆದಂತಾಗುತ್ತದೆ.

ನಿಮ್ಮ ಅಂಕ ಬರೆಯಿರಿ.
ರುದ್ರಪ್ಪ


ಬಾಳೂರು
27 ಆಗಸ್ಟ್ 2024

ಮೇಷ್ಟ್ರಿಗೆ ನಮಸ್ಕಾರ.

ಪೆನ್ನು ಹಿಡಿದಿದ್ದೇನೋ ಬಿಟ್ಟಿದ್ದೇನೋ ನೋಡಿಯೇ ತಿಳಿಯಬೇಕು. ಅಕ್ಷರ ಸೊಟ್ಟಗಿದ್ದರೆ ಏಳನೇ ಕ್ಲಾಸಿನ ತಪ್ಪಲ್ಲ, ಬೆರಳಿನ ತಪ್ಪು.

ನನ್ನ ಗಂಡ ಕೆಂಚಯ್ಯ ಕಾಳು ಇಟ್ಟರು. ಹತ್ತಕ್ಕೆ ಮೂರು. ಆ ಮೂರೂ ಅದೃಷ್ಟಕ್ಕೆ ಬಂದದ್ದು ಅನಿಸುತ್ತದೆ. ಮೊನ್ನೆ ಕೂಲಿಯವರ ಲೈನ್ ಮನೆಗೆ ಬಂದು ಕಾಲು ತೊಳೆಯುವಾಗ ಒಂದೇ ಚಪ್ಪಲಿ ಇತ್ತು. ಇನ್ನೊಂದು ದಾರಿಯಲ್ಲಿ ಕಳಚಿದ್ದು ಕಾಲಿಗೆ ತಿಳಿದಿರಲಿಲ್ಲ.

ನಿಮಗೆ ಇದು ಆಟ. ನನಗೆ ಯಾಕೆ ಆಟವಲ್ಲ ಎಂದು ಹೇಳುತ್ತೇನೆ. ಹದಿನಾರು ವರ್ಷದಿಂದ ಎಸ್ಟೇಟಿನ ಕಣ ನನ್ನ ಕೈಯಲ್ಲಿದೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿಯನ್ನು ಪಾರ್ಚ್‌ಮೆಂಟ್ ಅನ್ನುತ್ತೇವಲ್ಲ, ಅದನ್ನು ಕಣದಲ್ಲಿ ಹರಡಿ ಒಣಗಿಸುತ್ತೇವೆ. ಯಾವಾಗ ಒಣಗಿತು ಎಂದು ಹೇಳುವವಳು ನಾನು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಮೇಲಿನ ಹೊಟ್ಟು ಒಡೆಯುವ ರೀತಿಯಲ್ಲೇ ಗೊತ್ತಾಗುತ್ತದೆ. ಒಂದು ದಿನ ಮೊದಲು ಮೂಟೆ ಕಟ್ಟಿದರೆ ಒಳಗೆ ಬೂಸ್ಟು ಹಿಡಿಯುತ್ತದೆ, ಒಂದು ದಿನ ತಡವಾದರೆ ಬೀಜ ಒಡೆಯುತ್ತದೆ. ನವೆಂಬರ್ ಕೊನೆಗೆ ಹಣ್ಣು ಕೊಯ್ಲು ಶುರು. ಅಷ್ಟರಲ್ಲಿ ಬೆರಳು ಬರಬೇಕು. ಬಾರದಿದ್ದರೆ ಕಣ ಹೋಗುತ್ತದೆ.

ಎಸ್ಟೇಟಿನ ಯಜಮಾನರಾದ ಪ್ರಶಾಂತ್ ಗೌಡರಿಗೆ ಇದು ಗೊತ್ತಿಲ್ಲ. ಕಾಯಿಲೆ ವಾಸಿಯಾಯಿತು ಎಂದು ಮಾತ್ರ ಗೊತ್ತು. ನೀವು ಎಲ್ಲೂ ಬಾಯಿ ಬಿಡಬೇಡಿ.

ಅಣ್ಣಮ್ಮ


ಗೋಣಿಬೀಡು
12 ಸೆಪ್ಟೆಂಬರ್ 2024

ಅಣ್ಣಮ್ಮನವರಿಗೆ,

ಬಾಯಿ ಬಿಡುವುದಿಲ್ಲ. ಸಾವಿತ್ರಮ್ಮನಿಗೆ ಮಾತ್ರ ಹೇಳಿದ್ದೇನೆ, ಏಕೆಂದರೆ ಕಾಗದವನ್ನು ಅವರು ಮೊದಲೇ ಓದಿದ್ದರು.

ಒಂದು ಸುದ್ದಿ. ಹತ್ತಕ್ಕೆ ಆರು. ಎರಡು ಸಲ ಮಾಡಿಸಿದೆ, ಎರಡೂ ಸಲ ಆರು. ನಿನ್ನೆ ಅಂಗಿಯ ಮೇಲಿನ ಗುಂಡಿ ನಾನೇ ಹಾಕಿಕೊಂಡೆ. "ಹಾಕಿದ್ದೇನೋ ಸರಿ, ಪಕ್ಕದ ತೂತಿಗೆ ಹಾಕಿದ್ದೀರ" ಎಂದು ಸಾವಿತ್ರಮ್ಮ ನಕ್ಕರು. ನಗಲಿ. ತೂತಂತೂ ಸಿಕ್ಕಿತಲ್ಲ.

ಬೆಳಕು ನರಕ್ಕೆ ಏನು ಮಾಡುತ್ತದೆ ಎಂದು ದಿವ್ಯಾಳಿಂದ ಓದಿಸಿ ತಿಳಿದುಕೊಂಡೆ. ದಿವ್ಯಾ ನನ್ನ ಮಗಳು, ಹಾಸನದಲ್ಲಿ ಟೀಚರು. ನಮ್ಮ ದೇಹದ ಒಂದೊಂದು ಜೀವಕೋಶದೊಳಗೂ ಒಂದು ಸಣ್ಣ ಒಲೆ ಇದೆ ಎಂದುಕೊಳ್ಳಿ. ಕೀಮೊ ಆ ಒಲೆಯನ್ನು ನಂದಿಸಿದೆ. ಈ ಬೆಳಕು ಚರ್ಮ ದಾಟಿ ಒಳಗೆ ಹೋಗಿ ಅದನ್ನು ಊದುತ್ತದಂತೆ. ಎಷ್ಟು ಊದಬೇಕು, ಎಷ್ಟು ದಿನ, ಯಾರ ಒಲೆ ಹೊತ್ತೀತು, ಇದೆಲ್ಲ ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದ ಒಳಗೇ ನಾವಿಬ್ಬರು ಕೂತಿದ್ದೇವೆ ಎಂಬುದು ನನಗೆ ಬಹಳ ಖುಷಿ ಕೊಡುತ್ತದೆ. ನಿಮಗೆ ಸಿಟ್ಟು ಬರಬಹುದು.

ನಿಮ್ಮ ಪೆಟ್ಟಿಗೆಯ ಬಣ್ಣ ಹೇಗಿದೆ? ಕುಂಕುಮದ ಕೆಂಪೋ, ಕಾಫಿ ಹಣ್ಣಿನ ಕೆಂಪೋ? ಬಿಸಿಯಾಗುತ್ತದೆಯೇ? ವಿವರವಾಗಿ ಬರೆಯಿರಿ.

ರುದ್ರಪ್ಪ


ಬಾಳೂರು
24 ಸೆಪ್ಟೆಂಬರ್ 2024

ಮೇಷ್ಟ್ರೇ,

ಮೂರು.

ಬಣ್ಣ ಕಾಫಿ ಹಣ್ಣಿನದೇ, ಚೆನ್ನಾಗಿ ಹಣ್ಣಾದದ್ದು. ಬಿಸಿ ಇದೆಯೋ ಇಲ್ಲವೋ ನನ್ನ ಕೈಗೆ ಕೇಳಿ ಏನು ಪ್ರಯೋಜನ? ಕೆಂಚಯ್ಯ ಮುಟ್ಟಿ ನೋಡಿ "ಸ್ವಲ್ಪ ಬೆಚ್ಚಗೈತೆ" ಅಂದರು. ಬಲಗೈಯ ಪಟ್ಟಿ ಸಡಿಲವಾಗಿ ಜಾರುತ್ತದೆ, ಹಗ್ಗ ಕಟ್ಟಿಕೊಂಡಿದ್ದೇನೆ.

ನಿಮಗೆ ಆರು ಬಂದದ್ದು ಸಂತೋಷ. ಸಂತೋಷವೇ. ಆದರೆ ಆ ಕಾಗದವನ್ನು ಎರಡನೇ ಸಲ ಓದಲಿಲ್ಲ.

ಅಣ್ಣಮ್ಮ


ಗೋಣಿಬೀಡು
30 ಸೆಪ್ಟೆಂಬರ್ 2024

ಅಣ್ಣಮ್ಮನವರಿಗೆ,

ಪಟ್ಟಿ ಸಡಿಲವಾಗಿದ್ದರೆ ಬೆಳಕು ಸರಿಯಾಗಿ ಬೀಳುವುದಿಲ್ಲ. ಹಗ್ಗ ಗಿಗ್ಗ ಬೇಡ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನಾಳೆಯ ಬಸ್ಸಿಗೆ ಜಯಪ್ರಕಾಶನ ಕೈಯಲ್ಲಿ ಕೊಡಿ. ನಾನು ಹೊಲಿದು ನಾಡಿದ್ದು ಅದೇ ಬಸ್ಸಿಗೆ ಕಳಿಸುತ್ತೇನೆ. ಮಂಗಳೂರಿಗೆ ಕಳಿಸಿದರೆ ಹದಿನೈದು ದಿನ ಹಾಳು.

ಹೆಚ್ಚು ಬರೆಯುವುದಿಲ್ಲ. ಅಂಕವನ್ನೂ ಕೇಳುವುದಿಲ್ಲ.

ರುದ್ರಪ್ಪ


ಬಾಳೂರು
5 ಅಕ್ಟೋಬರ್ 2024

ಮೇಷ್ಟ್ರೇ,

ಪೆಟ್ಟಿಗೆ ಬಂತು. ಪಟ್ಟಿ ಈಗ ಗಟ್ಟಿಯಾಗಿದೆ. ಸಾವಿತ್ರಮ್ಮನವರು ಹೊಲಿದಿರಬೇಕು ಎಂದುಕೊಂಡೆ. ಆದರೆ ಹೊಲಿಗೆ ಅಡ್ಡಾದಿಡ್ಡಿ, ಪಟ್ಟಿಯ ಒಳಗೆ ರಕ್ತದ ಎರಡು ಚುಕ್ಕಿ. ಸೂಜಿ ಚುಚ್ಚಿದ್ದು ಗೊತ್ತಾಗದ ಕೈ ಯಾರದು ಎಂದು ನನಗೆ ತಿಳಿಯದೆ?

ಇಷ್ಟು ಮಾಡಬೇಕಿರಲಿಲ್ಲ. ಮಾಡಿದಿರಿ. ನೆನೆಸಿಕೊಂಡು ದೀಪ ಹಚ್ಚಿಕೊಳ್ಳುತ್ತೇನೆ.

ಅಣ್ಣಮ್ಮ


ಬಾಳೂರು
14 ಅಕ್ಟೋಬರ್ 2024

ಮೇಷ್ಟ್ರೇ,

ಈ ವಾರ ಐದು ಬಂತು. ಮೆಣಸು ಎರಡು ಸಲ ಸರಿಯಾಗಿ ಹೇಳಿದೆ.

ಗಿಡದಲ್ಲಿ ಕಾಯಿ ಬಣ್ಣ ತಿರುಗುತ್ತಿದೆ. ಈ ಸಲ ಫಸಲು ಜಾಸ್ತಿ, ಕಣಕ್ಕೆ ಇನ್ನಿಬ್ಬರನ್ನು ಹಾಕಬೇಕು ಎಂದು ಗೌಡರು ಹೇಳಿದರು. "ನಿನ್ ಕೈ ಇದ್ರೆ ನಂಗೆ ಚಿಂತೆ ಇಲ್ಲ ಅಣ್ಣಮ್ಮ" ಎಂದರು. ತಲೆ ಆಡಿಸಿದೆ.

ಅಣ್ಣಮ್ಮ


ಗೋಣಿಬೀಡು
24 ಅಕ್ಟೋಬರ್ 2024

ಅಣ್ಣಮ್ಮನವರಿಗೆ,

ಐದು! ಅದರ ಮೇಲೆ ಮೊನ್ನೆ ಜಯಪ್ರಕಾಶನ ಬಾಯಲ್ಲಿ ಹೇಳಿ ಕಳಿಸಿದಿರಲ್ಲ, ಈ ವಾರ ಆರು ಎಂದು. ಅವನು ಬಸ್ಸಿನ ಕಿಟಕಿಯಿಂದಲೇ ಕೂಗಿ ಹೇಳಿದ, ಇಡೀ ಗೋಣಿಬೀಡಿಗೆ ಕೇಳಿಸಿತು. ಇನ್ನು ನನ್ನಿಂದ ಬಚ್ಚಿಡಲಾಗದು. ಹೇಳಿಬಿಡುತ್ತೇನೆ.

ಇಬ್ಬರೂ ಒಂದೇ ದಿನ ಶುರು ಮಾಡಿದೆವು. ನನಗೆ ಆರು, ನಿಮಗೆ ಮೂರೇ. ನನ್ನದು ನಿಜವಾದ ಪೆಟ್ಟಿಗೆ, ನಿಮ್ಮದು ಬರೀ ದೀಪ ಎಂಬ ಅನುಮಾನ ಸೆಪ್ಟೆಂಬರಿನಲ್ಲೇ ಹತ್ತಿತ್ತು. ಟಿವಿ ರಿಮೋಟಿನ ಬೆಳಕು ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮರಾದಲ್ಲಿ ನೇರಳೆಯಾಗಿ ಕಾಣುತ್ತದೆ, ಮಕ್ಕಳಿಗೆ ತೋರಿಸಿದ್ದೇನೆ. ನನ್ನ ಪೆಟ್ಟಿಗೆಗೂ ಹಾಗೇ ಮೊಬೈಲ್ ಹಿಡಿದೆ. ಕೆಂಪಿನ ಮೇಲೆ ಸೊಗಸಾದ ನೇರಳೆ. ಆಮೇಲೆ ಪಟ್ಟಿ ಹೊಲಿಯುವ ನೆಪದಲ್ಲಿ ನಿಮ್ಮದನ್ನು ತರಿಸಿಕೊಂಡೆ. ಹಿಡಿದು ನೋಡಿದರೆ ಬರೀ ಕೆಂಪು, ನೇರಳೆಯ ಸುಳಿವಿಲ್ಲ.

ನನಗೆ ಬೆರಳು ಬಂದರೆ ಅಂಗಿಯ ಗುಂಡಿ. ನಿಮಗೆ ಬಂದರೆ ಇಡೀ ಕಣ. ಯೋಚಿಸುವುದು ಏನಿತ್ತು? ಎರಡರ ನಂಬರ್ ಚೀಟಿಯನ್ನೂ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿ, ಅದಲುಬದಲು ಅಂಟಿಸಿ, ನನ್ನ ಪೆಟ್ಟಿಗೆಗೆ ನಿಮ್ಮ ಪಟ್ಟಿ ಹೊಲಿದು ಕಳಿಸಿದೆ. ನಿಮ್ಮ ಹತ್ತಿರ ಇರುವುದು ಹದಿನೇಳು, ನನ್ನ ಹತ್ತಿರ ಇರುವುದು ಇಪ್ಪತ್ತೆರಡು.

ಮೂರರಿಂದ ಆರು! ನಿವೃತ್ತನಾದ ಮೇಲೆ ಇಷ್ಟು ಒಳ್ಳೆಯ ಪ್ರಯೋಗ ನಾನು ಮಾಡಿರಲಿಲ್ಲ. ಬೈಯಬೇಡಿ.

ರುದ್ರಪ್ಪ


ಬಾಳೂರು
26 ಅಕ್ಟೋಬರ್ 2024

ಮೇಷ್ಟ್ರೇ,

ಎರಡಕ್ಕೂ ಒಂದೇ ಮೊಬೈಲ್ ಹಿಡಿದಿರಾ?

ಕಣದಲ್ಲಿ ಎರಡು ರಾಶಿ ಹೋಲಿಸಬೇಕಾದರೆ ಎರಡನ್ನೂ ಒಂದೇ ದಿನ, ಒಂದೇ ಬಿಸಿಲಿನಲ್ಲಿ, ಒಂದೇ ದಪ್ಪಕ್ಕೆ ಹರಡುತ್ತೇವೆ. ಒಂದನ್ನು ನೆರಳಲ್ಲಿ ಹಾಕಿ ಒಣಗಲಿಲ್ಲ ಅಂದರೆ ಯಾರಾದರೂ ನಗುತ್ತಾರೆ. ನಿಮ್ಮ ಕೀಮೊ ಜನವರಿಯಲ್ಲಿ ಮುಗಿಯಿತು, ನನ್ನದು ಮೇ ತಿಂಗಳಲ್ಲಿ. ನಿಮ್ಮ ಔಷಧಿ ಬೇರೆ, ನನ್ನ ಔಷಧಿ ಬೇರೆ. ನಿಮಗೆ ಆರು ಬಂದಾಗ ನನಗೂ ಯಾಕೆ ಬರಬೇಕು?

ನನಗೆ ಕೇಳಿ ಮಾಡಿದ್ದರೆ ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ ನೀವು.

ಡಾಕ್ಟರಮ್ಮ ನಮ್ಮಿಬ್ಬರ ಹೆಸರಿನ ಮುಂದೆ ಏನೋ ಬರೆದುಕೊಳ್ಳುತ್ತಿದ್ದಾರೆ. ನಾಳೆ ಅದನ್ನು ನಂಬಿ ಇನ್ಯಾರಿಗೋ ಔಷಧಿ ಹೇಳುತ್ತಾರೆ. ಅವರಿಗೆ ನೀವೇ ಹೇಳಬೇಕು. ಹೇಳಿದರೆ ಪೆಟ್ಟಿಗೆ ವಾಪಸು ಕೇಳುತ್ತಾರೆ ಎಂದು ನನಗೆ ಗೊತ್ತು. ಕೊಯ್ಲಿಗೆ ಇನ್ನು ಒಂದು ತಿಂಗಳಿದೆ ಎಂದೂ ಗೊತ್ತು.

ಅಣ್ಣಮ್ಮ


ಗೋಣಿಬೀಡು
4 ನವೆಂಬರ್ 2024

ಅಣ್ಣಮ್ಮನವರಿಗೆ,

ಒಂದೇ ಮೊಬೈಲ್ ಅಲ್ಲ.

ನನ್ನ ಪೆಟ್ಟಿಗೆಗೆ ಹಿಡಿದದ್ದು ಸಾವಿತ್ರಮ್ಮನ ಹಳೆಯ ಮೊಬೈಲು. ನಿಮ್ಮದು ಬಂದ ದಿನ ದಿವ್ಯಾ ಊರಿಗೆ ಬಂದಿದ್ದಳು, ಅವಳ ಹೊಸ ಮೊಬೈಲು ಕೈಗೆ ಸಿಕ್ಕಿತು. ನಿಮ್ಮ ಕಾಗದ ಓದಿದವನು ಹಳೆಯ ಮೊಬೈಲನ್ನು ದೇವರ ಮನೆಯ ಕೆಂಪು ಬಲ್ಬಿಗೆ ಹಿಡಿದೆ. ಅದೂ ನೇರಳೆ. ಆ ಮೊಬೈಲಿಗೆ ಎಲ್ಲ ಕೆಂಪೂ ನೇರಳೆಯೇ. ಹಬ್ಬಕ್ಕೆ ಬಂದಿದ್ದ ದಿವ್ಯಾಳ ಹೊಸ ಮೊಬೈಲನ್ನು ಟಿವಿ ರಿಮೋಟಿಗೆ ಹಿಡಿದೆ, ಏನೂ ಕಾಣಲಿಲ್ಲ. ಒಂದು ಪ್ರಯೋಗದಲ್ಲಿ ಎರಡು ವಸ್ತು ಒಟ್ಟಿಗೆ ಬದಲಿಸಿದ ಎಂಟನೇ ಕ್ಲಾಸಿನ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ದೇವರ ಮನೆಯ ಮುಂದೆ ನಾನೇ ನಿಂತಿದ್ದೆ.

ಮೊನ್ನೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ ಧನ್ಯಾ ಡಾಕ್ಟರ ಎದುರು ಎಲ್ಲ ಹೇಳಿದೆ. "ಮೇಷ್ಟ್ರೇ, ನೀವು ವಿಜ್ಞಾನ ಕಲಿಸಿದವ್ರಲ್ವಾ?" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನಮ್ಮಿಬ್ಬರನ್ನೂ ಪರೀಕ್ಷೆಯಿಂದ ತೆಗೆದರು. ತೆಗೆದ ಮೇಲೆ ಬಚ್ಚಿಡುವುದು ಏನೂ ಇಲ್ಲವೆಂದು ಬೀರುವಿನ ಆ ನಂಬರುಗಳ ಪಟ್ಟಿ ತರಿಸಿ ನೋಡಿ ಹೇಳಿದರು.

ಹದಿನೇಳು ಬರೀ ದೀಪ. ಇಪ್ಪತ್ತೆರಡು ನಿಜವಾದದ್ದು.

ನಿಮ್ಮ ಕೈಯಲ್ಲಿ ಇದ್ದದ್ದು ನಿಜವಾದ ಬೆಳಕು, ಅಣ್ಣಮ್ಮ. ಅದನ್ನು ನಾನು ಕಿತ್ತು ತಂದು ನನ್ನ ಕಾಲಿಗೆ ಸುತ್ತಿಕೊಂಡು, ನಾಲ್ಕು ವಾರ ದಿನಾ ಸಂಜೆ ಧಾರಾಳಿಯಂತೆ ಕೂತಿದ್ದೆ. ನನಗೆ ಬಂದ ಅಂಕವೆಲ್ಲ ಕಾಲ ಕಳೆದಂತೆ ತಾನಾಗಿ ಬಂದದ್ದು. ಇಪ್ಪತ್ತೆರಡನ್ನು ಅಲ್ಲೇ ಕೊಟ್ಟು ಬಂದೆ, ನಿಮ್ಮ ಹತ್ತಿರದ್ದನ್ನು ಜಯಪ್ರಕಾಶನಿಗೆ ಕೊಡಿ. ಡಿಸೆಂಬರಿನಲ್ಲಿ ಪರೀಕ್ಷೆ ಮುಗಿದ ಮೇಲೆ ಬೇಕೆಂದವರಿಗೆ ನಿಜವಾದ ಪೆಟ್ಟಿಗೆ ಕೊಡುತ್ತಾರಂತೆ. ನಿಮ್ಮ ಹೆಸರು ಮೊದಲು ಬರೆಸಿದ್ದೇನೆ. ಕೊಯ್ಲಿಗೆ ಅದು ತಡ ಎಂದು ನನಗೆ ಗೊತ್ತು.

ಒಂದೇ ಒಂದು ವಿಷಯ ತಿಳಿಯುತ್ತಿಲ್ಲ. ನಿಮಗೆ ಮೂರರಿಂದ ಆರು ಬಂದದ್ದು ಆ ಬರೀ ದೀಪದಲ್ಲಿ. ಅದು ಹೇಗೆ? ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ರುದ್ರಪ್ಪ


ಗೋಣಿಬೀಡು
28 ನವೆಂಬರ್ 2024

ಅಣ್ಣಮ್ಮನವರಿಗೆ,

ಪೆಟ್ಟಿಗೆ ಕೊಟ್ಟಿರೆಂದು ಜಯಪ್ರಕಾಶ್ ಹೇಳಿದ. "ಏನಾದ್ರೂ ಅಂದ್ರಾ?" ಎಂದೆ. "ಏನೂ ಅನ್ಲಿಲ್ಲ ಸಾರ್, ಚೀಟಿನೂ ಕೊಡ್ಲಿಲ್ಲ" ಎಂದ.

ಕೊಯ್ಲು ಶುರುವಾಗಿರಬೇಕು. ನಮ್ಮ ಮೂರು ಎಕರೆಯಲ್ಲೂ ಹಣ್ಣು ಕೆಂಪಾಗಿದೆ. ನೀವು ಬರೆಯದಿದ್ದರೂ ಆದೀತು. ಬೆರಳು ಹೇಗಿದೆ ಎಂದು ಯಾರ ಬಾಯಲ್ಲಾದರೂ ಹೇಳಿ ಕಳಿಸಿ.

ರುದ್ರಪ್ಪ


ಬಾಳೂರು
18 ಡಿಸೆಂಬರ್ 2024

ಮೇಷ್ಟ್ರೇ,

ಮೊದಲು ಸಿಟ್ಟಿತ್ತು, ಅದಕ್ಕೆ ಬರೆಯಲಿಲ್ಲ. ಆಮೇಲೆ ನಾಚಿಕೆ ಬಂತು, ಅದಕ್ಕೂ ಬರೆಯಲಿಲ್ಲ.

ಐದು, ಆರು ಎರಡೂ ಸುಳ್ಳು. ಮೂರೇ ಇತ್ತು, ಯಾವಾಗಲೂ ಮೂರೇ. ಒಂದು ವಾರ ಎರಡು ಬಂದಿತ್ತು. ಬೆರಳು ಹೇಗಿದೆ ಎಂದು ಬರೆಯಲು ಡಾಕ್ಟರು ಕೊಟ್ಟ ಪುಸ್ತಕದಲ್ಲಿ ಸರಿಯಾಗಿ ಬರೆದಿದ್ದೇನೆ, ನಿಮಗೆ ಮಾತ್ರ ಸುಳ್ಳು ಬರೆದೆ. ರಕ್ತ ಬರಿಸಿಕೊಂಡು ಹೊಲಿದ ಮನುಷ್ಯನಿಗೆ ಮತ್ತೆ ಮೂರು ಎಂದು ಬರೆಯಲು ಆಗಲಿಲ್ಲ. "ಯಾಕೆ ಹಂಗೆ ಬರೀತೀಯ?" ಎಂದು ಕೆಂಚಯ್ಯ ಕೇಳಿದರು. "ಒಂದು ಅಂಕ ಕೊಟ್ರೆ ನಂದೇನು ಹೋಗ್ತದೆ" ಎಂದೆ. ನೀವು ಬದಲಿಸಿದ್ದು ಸರಿ ಎಂದು ನಿಮಗೆ ಅನಿಸಲು ನನ್ನ ಸುಳ್ಳೂ ಕಾರಣ. ಮೂರು ಎಂದೇ ಬರೆದಿದ್ದರೆ ನೀವು ಹದಿನೈದು ದಿನಕ್ಕೇ ಹೇಳಿಬಿಡುತ್ತಿದ್ದಿರಿ.

ಸುಳ್ಳು ಬರೆದು ಬರೆದು ನನಗೇ ಅರ್ಧ ನಂಬಿಕೆ ಬಂದಿತ್ತು. ಅದರ ಫಲ ಈ ತಿಂಗಳು ಸಿಕ್ಕಿತು. ಮೊದಲನೇ ರಾಶಿ ಕಣದಲ್ಲಿ ಎಂಟು ದಿನ ಇತ್ತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಒಂದು ಹಿಡಿ ತೆಗೆದುಕೊಂಡು ಒತ್ತಿದೆ. ಏನೂ ಗೊತ್ತಾಗಲಿಲ್ಲ. "ಆಗಿದೆ, ತುಂಬಿ" ಎಂದೆ. ಮೂರನೇ ದಿನ ಮೂಟೆಯ ಹತ್ತಿರ ಹೋದ, ನನ್ನ ಜೊತೆ ಕಣದಲ್ಲಿ ಕೆಲಸ ಮಾಡುವ ಸಿದ್ದಮ್ಮ ಮೂಗು ಮುಚ್ಚಿಕೊಂಡಳು. ಒಳಗೆ ಬಿಸಿ ಹತ್ತಿತ್ತು.

ಪ್ರಶಾಂತ್ ಗೌಡರು ಬಂದರು. "ಅಣ್ಣಮ್ಮ, ಏನಾಯ್ತಿದು?" ಎಂದರು. ಸಿದ್ದಮ್ಮನ ಮೇಲೆ ಹಾಕಬಹುದಿತ್ತು, ಮೋಡದ ಮೇಲೆ ಹಾಕಬಹುದಿತ್ತು. "ನನ್ ಬೆರಳಿಗೆ ಗೊತ್ತಾಗ್ತಿಲ್ಲ ಗೌಡ್ರೇ. ಜೂನ್‌ನಿಂದ ಗೊತ್ತಾಗ್ತಿಲ್ಲ" ಎಂದೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಣ ಬೇರೆಯವ್ರಿಗೆ ಕೊಡ್ತಿದ್ರಿ."

"ಕೊಡ್ತಿದ್ದೆ" ಎಂದರು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ಸಿಟ್ಟಿಲ್ಲ. ಮೂಟೆ ಬಿಚ್ಚಿಸಿ ಎಲ್ಲವನ್ನೂ ಮತ್ತೆ ಹರಡಿಸಿದರು. ಅರ್ಧಕ್ಕರ್ಧ ಕೆಟ್ಟಿತ್ತು. ಕಣ ಈಗ ಸಿದ್ದಮ್ಮನದು. ನಾನು ಬೀಜ ಆರಿಸುವ ಕಡೆ ಕೂತಿದ್ದೇನೆ, ಅಲ್ಲಿ ಕಣ್ಣು ಇದ್ದರೆ ಸಾಕು.

ಹದಿನಾರು ವರ್ಷ, ಮೇಷ್ಟ್ರೇ. ಕಣದ ಮೇಲೆ ಬೇರೆಯವರು ನಡೆಯುವುದನ್ನು ಕಿಟಕಿಯಿಂದ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ.

ನಿಮ್ಮಿಂದ ಹೋಯಿತು ಎಂದು ನಾನು ಹೇಳುವುದಿಲ್ಲ. ಆ ನಾಲ್ಕು ವಾರ ಇದ್ದಿದ್ದರೆ ಬರುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿಮ್ಮಿಂದಲ್ಲ ಎಂದೂ ಹೇಳುವುದಿಲ್ಲ.

ಅಣ್ಣಮ್ಮ


ಗೋಣಿಬೀಡು
22 ಡಿಸೆಂಬರ್ 2024

ಅಣ್ಣಮ್ಮನವರಿಗೆ,

ನಿಮ್ಮ ಕಾಗದ ಓದಿ ಅತ್ತೆ. ಸಾವಿತ್ರಮ್ಮನೂ ಓದಿದರು. "ನೀವಿಬ್ರೂ ಒಬ್ರಿಗೊಬ್ರು ಒಳ್ಳೇದ್ ಮಾಡೋದನ್ನ ಮೊದ್ಲು ನಿಲ್ಸಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಕ್ಷಮಿಸಿ ಎಂದು ಬರೆದರೆ ನೀವು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಕ್ಷಮಿಸಿ ಎನ್ನುವುದಿಲ್ಲ, ತಪ್ಪು ಮಾಡಿದೆ ಎಂದಷ್ಟೇ ಬರೆಯುತ್ತೇನೆ.

ಧನ್ಯಾ ಡಾಕ್ಟರು ನಿನ್ನೆ ಫೋನ್ ಮಾಡಿದ್ದರು. ಪರೀಕ್ಷೆ ಮುಗಿದಿದೆ, ನಿಮ್ಮ ಪೆಟ್ಟಿಗೆ ಸಿದ್ಧವಿದೆ. ಅದೇ ಇಪ್ಪತ್ತೆರಡು. ಬೆಳಕು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಲೆಕ್ಕ ಹೊರಬರಲು ಇನ್ನೂ ಆರು ತಿಂಗಳು ಬೇಕಂತೆ. "ಅಣ್ಣಮ್ಮನವರಿಗೆ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ" ಎಂದರು. ಯಾರು ಹೋಗಿ ತರಬೇಕು ಎಂದು ನೀವೇ ಹೇಳಿ. ನನ್ನ ಕೈಗೆ ಕೊಡಬಾರದು ಎನ್ನಿಸಿದರೆ ಅದು ನ್ಯಾಯವೇ.

ರುದ್ರಪ್ಪ


ಬಾಳೂರು
25 ಡಿಸೆಂಬರ್ 2024

ಮೇಷ್ಟ್ರೇ,

ಕೆಂಚಯ್ಯ ಹೋಗಿ ತಂದರು.

ಅಣ್ಣಮ್ಮ


ಬಾಳೂರು
2 ಫೆಬ್ರವರಿ 2025

ಮೇಷ್ಟ್ರಿಗೆ ನಮಸ್ಕಾರ.

ಐದು ವಾರ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಈಗ ಸ್ವಲ್ಪ ಇದೆ.

ಪೆಟ್ಟಿಗೆ ದಿನಾ ಹಚ್ಚಿಕೊಳ್ಳುತ್ತೇನೆ. ನಿಮ್ಮ ಕಾಳಿನ ಆಟವನ್ನು ನಾನೇ ಬದಲಾಯಿಸಿದೆ. ಅದರಲ್ಲಿ ಒಂದು ದೋಷ ಇತ್ತು, ನಿಮಗೆ ಕಂಡಿರಲಿಲ್ಲ. ಕಾಳು ಇಟ್ಟ ಕೂಡಲೇ ಏನಾದರೂ ಒಂದು ಹೆಸರು ಹೇಳಲೇಬೇಕು. ನಾಲ್ಕೇ ಕಾಳು, ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದರೂ ಎರಡೋ ಮೂರೋ ಸರಿಯಾಗುತ್ತದೆ. ನನ್ನ ಮೂರು ಎಂದರೆ ಸೊನ್ನೆಯೇ ಆಗಿತ್ತು. ಅದಕ್ಕೆ ಕೆಂಚಯ್ಯನಿಗೆ ಹೇಳಿದೆ, ಗೊತ್ತಾದರೆ ಮಾತ್ರ ಹೇಳುತ್ತೇನೆ, ಗೊತ್ತಾಗದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಮೊದಲ ವಾರ ಹತ್ತೂ ಸಲ ಗೊತ್ತಿಲ್ಲ ಎಂದೆ. ಎರಡನೇ ವಾರವೂ ಹಾಗೇ. "ಬೇಜಾರಾದ್ರೆ ಬಿಡು" ಎಂದರು. ಬೇಜಾರಿತ್ತು, ಬಿಡಲಿಲ್ಲ.

ಮೊನ್ನೆ ಶುಕ್ರವಾರ ನಾಲ್ಕು ಗೊತ್ತಾಯಿತು. ಮೂರು ಕಡಲೆ, ಒಂದು ಕಾಫಿ. ಆರಕ್ಕೆ ಗೊತ್ತಿಲ್ಲ ಎಂದೆ. ಒಂದೂ ತಪ್ಪಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೇ ಬಂದಿವೆ. ಎಡಗೈ ಹಾಗೇ ಇದೆ, ಕಾಲೂ ಹಾಗೇ ಇದೆ. ಬೆಳಕಿನಿಂದ ಬಂತೋ, ನಿಮ್ಮ ಹಾಗೆ ದಿನ ಕಳೆದು ಬಂತೋ ಎಂದು ಕೇಳುತ್ತೀರಿ. ಅದಕ್ಕೂ ಗೊತ್ತಿಲ್ಲ ಎಂದೇ ಬರೆದುಕೊಳ್ಳಿ.

ನಿನ್ನೆ ಈ ವರ್ಷದ ಕೊನೆಯ ರಾಶಿ ಕಣದಲ್ಲಿತ್ತು. ಗೌಡರು ತೇವ ನೋಡುವ ಮಿಷನ್ ಒಂದು ತರಿಸಿದ್ದಾರೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅದನ್ನು ತಿರುಗಿಸುತ್ತಾ ನಿಂತಿದ್ದರು. ಸಿದ್ದಮ್ಮ ಆರಿಸುವ ಕೋಣೆಯ ಬಾಗಿಲಿಗೆ ಬಂದು "ಅಕ್ಕ, ಒಂದ್ ಸಲ ಬಾ, ನಂಗೆ ಧೈರ್ಯ ಇಲ್ಲ" ಎಂದಳು. ನಾನು ಹೋಗಬಾರದು ಎಂದುಕೊಂಡೆ, ಹೋದೆ. ಕಣದ ಮೂಡಣ ಬದಿಯಲ್ಲಿ ಒತ್ತಿ ನೋಡಿದೆ. "ಗೊತ್ತಾಗ್ತಿಲ್ಲ" ಎಂದೆ, ಎಲ್ಲರೆದುರೂ. ಯಾರೂ ನಗಲಿಲ್ಲ. ನಡುವೆ ಒತ್ತಿದೆ, ಗೊತ್ತಾಗಲಿಲ್ಲ. ಪಡುವಣ ಬದಿಯಲ್ಲಿ ಬಗ್ಗಿ ಒಂದು ಬೀಜ ತೆಗೆದು ಹೆಬ್ಬೆರಳಲ್ಲಿ ಒತ್ತಿದೆ.

ಹೊಟ್ಟು ಒಡೆಯಿತು, ಮೇಷ್ಟ್ರೇ. ಬೆರಳಿಗೆ ಗೊತ್ತಾಯಿತು. ಒಡೆದ ಹೊಟ್ಟಿನ ಅಂಚು ಚರ್ಮಕ್ಕೆ ಚುಚ್ಚಿತು.

ರೈಟರ್ ಮಿಷನ್‌ಗೆ ಬೀಜ ಹಾಕಲು ಹೊರಟಿದ್ದರು. ಅದು ಏನು ಹೇಳುತ್ತದೆ ಎಂದು ನಾನು ಕಾಯಲಿಲ್ಲ. ಈ ಬದಿಯದು ಆಗಿದೆ, ಇದಿಷ್ಟನ್ನು ತುಂಬಿ ಎಂದು ಸಿದ್ದಮ್ಮನಿಗೆ ಹೇಳಿ, ಕೈ ಜಾಡಿಸಿಕೊಂಡು ಆರಿಸುವ ಕೋಣೆಗೆ ವಾಪಸು ಬಂದು ಕೂತೆ.

ಅಣ್ಣಮ್ಮ